ಮಿಡ್‌ರೇಂಜ್ ಯಂತ್ರಕ್ಕೆ ಪ್ರಾಡಕ್ಟ್ ಬರೆಯುವವರಿಗೆ: ಆರ್‌ಪಿಜಿಯೋ, ಜನರೇಟರೋ, ಜಾವಾವೋ, ಹೊರಗಿನಿಂದ ಮಾತಾಡಿಸುವುದೋ?

ಐಬಿಎಂ ಐ (ಕಂಪನಿಗಳ ವ್ಯವಹಾರ ನಡೆಸುವ ಐಬಿಎಂನ ಮಧ್ಯಮ ಗಾತ್ರದ ಯಂತ್ರದ ಆಪರೇಟಿಂಗ್ ಸಿಸ್ಟಮ್, ಹಿಂದಿನ ಎಎಸ್/400ರ ಇಂದಿನ ರೂಪ) ಮೇಲೆ ಒಂದು ಪ್ರಾಡಕ್ಟ್ ಕಟ್ಟಿ ಹತ್ತಾರು ಕಂಪನಿಗಳಿಗೆ ಮಾರಬೇಕು ಎಂದು ಹೊರಟವರು ಮೊದಲು ಕೇಳುವುದು ಭಾಷೆಯ ಬಗ್ಗೆ. ಈ ಯಂತ್ರದ ಹಳೆಯ ಮನೆಭಾಷೆ ಆರ್‌ಪಿಜಿಯಲ್ಲಿ ಬರೆಯೋಣವೇ, ಜಾವಾದಲ್ಲಿ ಬರೆಯೋಣವೇ, ಈಗ ಪೈಥಾನ್ ಕೂಡ ಓಡುತ್ತದಂತಲ್ಲ? ನನ್ನನ್ನು ಕೇಳಿದರೆ ಭಾಷೆಯದ್ದು ಮೂರನೆಯ ಪ್ರಶ್ನೆ. ಗ್ರಾಹಕರ ಯಂತ್ರಗಳು ಆಪರೇಟಿಂಗ್ ಸಿಸ್ಟಮ್‌ನ ಯಾವ ರಿಲೀಸ್‌ನಲ್ಲಿ (ಆವೃತ್ತಿಯಲ್ಲಿ) ನಿಂತಿವೆ ಎಂಬುದು ಮೊದಲನೆಯದು. ಯಂತ್ರದ ಒಡೆಯ ಕೊಟ್ಟ ಯಾವ ಮಾತನ್ನು ನಂಬಿ ನೀವು ದುಡ್ಡು ಹಾಕುತ್ತಿದ್ದೀರಿ ಎಂಬುದು ಎರಡನೆಯದು.

ಇಂಥ ಯಂತ್ರದಲ್ಲಿ ಹಾರ್ಡ್‌ವೇರ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ಕಂಪೈಲರ್ ಎಲ್ಲವೂ ಒಬ್ಬರದೇ. ಹೊರಗಿನಿಂದ ಬಂದು ಸಾಫ್ಟ್‌ವೇರ್ ಬರೆಯುವ ನಾವು ಆ ಮನೆಯ ಬಾಡಿಗೆದಾರರು. ಒಡೆಯನಿಂದ ನಮಗೆ ಎರಡು ಬಗೆಯ ಮಾತು ಸಿಗುತ್ತದೆ. ಇಂದು ಕಂಪೈಲ್ ಮಾಡಿದ್ದು ನಾಳೆಯೂ ಓಡುತ್ತದೆ ಎಂಬುದು ಎಂಜಿನಿಯರುಗಳ ಮಾತು. ನಾಳೆಯೂ ಈ ಯಂತ್ರವನ್ನು ಇದೇ ಲೆಕ್ಕದಲ್ಲಿ ಮಾರುತ್ತೇವೆ ಎಂಬುದು ಮಾರಾಟ ವಿಭಾಗದ ಮಾತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದವರೇ ಹೆಚ್ಚು ಪೆಟ್ಟು ತಿಂದಿರುವುದು.

ಒಡೆಯ ಮಾತು ಉಳಿಸಿಕೊಂಡ ಕಥೆ, ಉಳಿಸಿಕೊಳ್ಳದ ಕಥೆ

ಎಎಸ್/400 ಹೊರಬಂದದ್ದು 1988ರ ಜೂನ್ 21ರಂದು. ಮಿನ್ನೆಸೋಟಾದ ರಾಚೆಸ್ಟರ್‌ನಲ್ಲಿ ರೂಪುಗೊಂಡ ಈ ಯಂತ್ರದ ಜೊತೆಗೆ ಅದೇ ದಿನ ಸಾವಿರಕ್ಕೂ ಹೆಚ್ಚು ಸಾಫ್ಟ್‌ವೇರ್ ಪ್ಯಾಕೇಜ್‌ಗಳನ್ನು ಐಬಿಎಂ ಮತ್ತು ಅದರ ಪಾಲುದಾರರು ಘೋಷಿಸಿದರು. ಐಬಿಎಂನ ಹಿಂದಿನ ಯಂತ್ರಗಳಾದ ಸಿಸ್ಟಮ್/36, ಸಿಸ್ಟಮ್/38 ಕೊಂಡಿದ್ದ ಕಂಪನಿಗಳಿಗೆ ಬೇಕಿದ್ದದ್ದು ಲೆಕ್ಕಪತ್ರ, ದಾಸ್ತಾನು, ಆರ್ಡರು. ಪೆಟ್ಟಿಗೆ ಯಾವುದಾದರೂ ನಡೆಯುತ್ತಿತ್ತು. ಜೆಡಿ ಎಡ್ವರ್ಡ್ಸ್, ಎಸ್‌ಎಸ್‌ಎ ಕಂಪನಿಯ ಬಿಪಿಸಿಎಸ್ ಮುಂತಾದ ಪ್ಯಾಕೇಜ್‌ಗಳು ಬೆಳೆದದ್ದು ಈ ನೆಲದಲ್ಲೇ. ಯಂತ್ರ ಪ್ಯಾಕೇಜನ್ನು ಮಾರಿತೋ, ಪ್ಯಾಕೇಜು ಯಂತ್ರವನ್ನು ಮಾರಿತೋ ಎಂದು ಬಿಡಿಸಿ ಹೇಳುವುದು ಕಷ್ಟ.

ಎಂಜಿನಿಯರುಗಳ ಮಾತಿಗೆ ಇಲ್ಲಿ ಗಟ್ಟಿ ಅಡಿಪಾಯವಿದೆ. ಕಂಪೈಲರ್ ನೇರವಾಗಿ ಪ್ರೊಸೆಸರ್‌ನ ಭಾಷೆಗೆ ಇಳಿಯುವುದಿಲ್ಲ. ಟಿಮಿ ಎಂದು ಕರೆಯುವ, ಯಂತ್ರಕ್ಕೆ ಅಂಟಿಕೊಳ್ಳದ ಒಂದು ಮಧ್ಯದ ಪದರಕ್ಕೆ ನಿಲ್ಲುತ್ತದೆ. ಅಲ್ಲಿಂದ ಕೆಳಗಿನ ಅನುವಾದ ಸಿಸ್ಟಮ್ ಮಾಡುವ ಕೆಲಸ. 1995ರಲ್ಲಿ 48 ಬಿಟ್‌ನ ಹಳೆಯ ಪ್ರೊಸೆಸರ್ ಬಿಟ್ಟು 64 ಬಿಟ್‌ನ ಪವರ್‌ಪಿಸಿ ಕುಲಕ್ಕೆ ಹೋದಾಗ ಹಳೆಯ ಪ್ರೋಗ್ರಾಮ್‌ಗಳನ್ನು ರಿಸ್ಟೋರ್ ಮಾಡಿದರೆ ಸಾಕಿತ್ತು, ಸಿಸ್ಟಮ್ಮೇ ಅವನ್ನು ಮರು ಅನುವಾದಿಸುತ್ತಿತ್ತು. ಸೋರ್ಸ್, ಅಂದರೆ ಪ್ರೋಗ್ರಾಮರ್ ಬರೆದ ಮೂಲ ಕೋಡ್, ಬೇಕಿರಲಿಲ್ಲ.

ಒಂದು ಷರತ್ತಿತ್ತು. ಪ್ರೋಗ್ರಾಮ್‌ನೊಳಗೆ ಆ ಮಧ್ಯದ ರೂಪ ಉಳಿದಿರಬೇಕು. ಅದನ್ನು ಅಬ್ಸರ್ವಬಿಲಿಟಿ ಎನ್ನುತ್ತಿದ್ದರು. ಡಿಸ್ಕ್ ದುಬಾರಿಯಾಗಿದ್ದ ಕಾಲ, ಜೊತೆಗೆ ಯಾರಾದರೂ ಒಳಗಿಣುಕಿ ಕದ್ದಾರೆಂಬ ಭಯ. ಹಾಗಾಗಿ ಎಷ್ಟೋ ಸಾಫ್ಟ್‌ವೇರ್ ಮನೆಗಳು ಅದನ್ನು ಕಿತ್ತು ಹಾಕಿಯೇ ಗ್ರಾಹಕರಿಗೆ ಕಳಿಸುತ್ತಿದ್ದವು. ಹೊಸ ಯಂತ್ರ ಬಂದಾಗ ಆ ಪ್ರೋಗ್ರಾಮ್‌ಗಳು ಕಲ್ಲಾಗಿ ಕೂತವು. ಮಾರಿದವರು ಅಂಗಡಿ ಮುಚ್ಚಿದ್ದರೆ ಗ್ರಾಹಕರಿಗೆ ಅತ್ತ ದರಿ, ಇತ್ತ ಪುಲಿ. 2008ರಲ್ಲಿ ವಿ6ಆರ್1 (6.1 ಎಂದೂ ಬರೆಯುವ ರಿಲೀಸ್) ಬಂದಾಗಲೂ ಎಲ್ಲ ಪ್ರೋಗ್ರಾಮ್‌ಗಳಿಗೆ ಇಂಥದ್ದೇ ಪರಿವರ್ತನೆ ಬೇಕಾಯಿತು. ವಿ5ಆರ್1ರಿಂದ ಈಚೆಗೆ ಕಂಪೈಲ್ ಆದವುಗಳಲ್ಲಿ ಬೇಕಾದ ಮಾಹಿತಿ ಹೇಗೂ ಉಳಿದಿರುತ್ತಿದ್ದರಿಂದ ಆ ಸಲದ ಗೋಳು ಕಡಿಮೆ. ಎರಡೂ ಸಲ ಒಡೆಯ ಮಾತು ತಪ್ಪಲಿಲ್ಲ, ತಪ್ಪಿದ್ದು ಬಾಡಿಗೆದಾರರೇ.

ಮಾರಾಟದ ಮಾತಿನ ಕಡೆಗೆ ಬನ್ನಿ. ತೊಂಬತ್ತರ ದಶಕದ ಕೊನೆಗೆ ಸರ್ವರ್ ಮಾದರಿಗಳು ಬಂದವು. 5250 ಎಂಬ ಹಸಿರು ಪರದೆಯ ಟರ್ಮಿನಲ್ ಕೆಲಸಕ್ಕೆ ಪ್ರೊಸೆಸರ್‌ನ ಸಣ್ಣದೊಂದು ಪಾಲು ಮಾತ್ರ. ಹೆಚ್ಚು ಬೇಕಿದ್ದರೆ ಇಂಟರಾಕ್ಟಿವ್ ಸಾಮರ್ಥ್ಯಕ್ಕೆ ಬೇರೆಯೇ ದುಡ್ಡು. ಮಿತಿ ದಾಟಿದರೆ ಸಿಎಫ್‌ಇಂಟ್ ಎಂಬ ಸಿಸ್ಟಮ್ ಕೆಲಸ ಎದ್ದು ಪ್ರೊಸೆಸರನ್ನೇ ತಿನ್ನುತ್ತಿತ್ತು. ನಿಮ್ಮ ಆರ್‌ಪಿಜಿ ಕೋಡ್ ಒಂದಕ್ಷರವೂ ಬದಲಾಗಿಲ್ಲ, ಆದರೆ ಅದನ್ನು ಓಡಿಸಲು ಗ್ರಾಹಕ ತೆರಬೇಕಾದ ಹಣ ಮಾತ್ರ ಏರಿತು. ಜಾವಾಕ್ಕೆ, ವೆಬ್‌ಗೆ ಆ ಸುಂಕವಿರಲಿಲ್ಲ. ಆ ಸುಂಕ ಈಗಿಲ್ಲ, ಆದರೂ ಅದನ್ನು ಮರೆಯಬಾರದು.

ಇದಕ್ಕಿಂತ ಕಟುವಾದ ಉದಾಹರಣೆ ಎಚ್‌ಪಿ 3000. 1972ರಲ್ಲಿ ಶುರುವಾದ ಯಂತ್ರ. ಎಂಪಿಇ ಆಪರೇಟಿಂಗ್ ಸಿಸ್ಟಮ್, ಜೊತೆಗೆ ಇಮೇಜ್ ಡೇಟಾಬೇಸ್. ಇಮೇಜ್ ಎಷ್ಟು ಬಳಕೆಯಲ್ಲಿತ್ತೆಂದರೆ ಅದರ ಸುತ್ತಲೇ ಅಡೇಜರ್, ರೊಬೆಲ್‌ನಂಥ ಉಪಕರಣದ ಮನೆಗಳು ಬದುಕಿದವು. 2001ರ ನವೆಂಬರ್ 14ರಂದು ಎಚ್‌ಪಿ ಈ ಸಾಲನ್ನು ನಿಲ್ಲಿಸುವುದಾಗಿ ಹೇಳಿತು. ಬೆಂಬಲದ ಅವಧಿ ಮುಂದಕ್ಕೆ ಹೋಗುತ್ತಾ ಹೋಗಿ 2010ಕ್ಕೆ ಮುಗಿಯಿತು. ಯಂತ್ರ ಕೆಟ್ಟಿರಲಿಲ್ಲ, ಗ್ರಾಹಕರು ಬೈದಿರಲಿಲ್ಲ, ಕೋಡ್ ಒಡೆದಿರಲಿಲ್ಲ. ಒಡೆಯನಿಗೆ ಆಸಕ್ತಿ ಹೋಗಿತ್ತು, ಅಷ್ಟೆ. ಅದೇ ಎಚ್‌ಪಿ ಕೈಯಲ್ಲಿದ್ದ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಓಪನ್‌ವಿಎಂಎಸ್‌ನ ಹಣೆಬರಹ ಬೇರೆಯಾಯಿತು: 2014ರಲ್ಲಿ ವಿಎಸ್‌ಐ ಎಂಬ ಬೇರೊಂದು ಕಂಪನಿ ಅದನ್ನು ಮುಂದುವರಿಸುವ ಹಕ್ಕು ಪಡೆಯಿತು, 2022ರಲ್ಲಿ ಅದು ಸಾಮಾನ್ಯ ಪಿಸಿ, ಸರ್ವರ್‌ಗಳ ಎಕ್ಸ್86 ಪ್ರೊಸೆಸರ್‌ಗೂ ಬಂತು. ಒಂದೇ ಮನೆಯ ಇಬ್ಬರು ಮಕ್ಕಳಿಗೆ ಎರಡು ದಾರಿ.

ಈಗ ಆಯ್ಕೆಗಳನ್ನು ನೋಡೋಣ. ಮುಂದಿನದೆಲ್ಲ ಐಬಿಎಂ ಐ ಲೆಕ್ಕದಲ್ಲಿದೆ. ಹೊರಗಿನವರು ಇಂದಿಗೂ ಗಂಭೀರವಾಗಿ ಹೊಸ ಪ್ರಾಡಕ್ಟ್ ಬರೆಯಬಹುದಾದ ಇಂಥ ಯಂತ್ರಗಳಲ್ಲಿ ನಾನು ಕೈಯಾಡಿಸಿದ್ದು ಅದೊಂದರಲ್ಲೇ.

ಮೊದಲ ದಾರಿ: ಅಪ್ಪಟ ನೇಟಿವ್

ಆರ್‌ಪಿಜಿ, ಕಮಾಂಡ್ ಭಾಷೆ ಸಿಎಲ್, ಯಂತ್ರದೊಳಗಿನ ಡೇಟಾಬೇಸ್ ಡಿಬಿ2. ಆರ್‌ಪಿಜಿ ಎಂದರೆ ಕಾಲಂ ಎಣಿಸಿ ಬರೆಯುವ ಭಾಷೆ ಎಂಬ ಹಳೆಯ ಮಾತು ಇನ್ನೂ ಓಡಾಡುತ್ತಿದೆ. 1994ರಲ್ಲಿ ಆರ್‌ಪಿಜಿ 4 ಬಂತು, 2001ರಲ್ಲಿ ಲೆಕ್ಕಾಚಾರದ ಸಾಲುಗಳು ಕಾಲಂಗಳಿಂದ ಬಿಡುಗಡೆ ಹೊಂದಿದವು, 2013ರಲ್ಲಿ ಫೈಲ್ ಮತ್ತು ಡೇಟಾ ಘೋಷಣೆಗಳೂ ಹೊಂದಿದವು, 2015ರಲ್ಲಿ ಫ್ರೀ ಎಂದು ಮೊದಲ ಸಾಲಿನಲ್ಲಿ ಬರೆದರೆ ಅಂಚಿನ ಮಿತಿಯೂ ಹೋಯಿತು. ಇವತ್ತಿನ ಆರ್‌ಪಿಜಿಯನ್ನು ಹೊಸ ಹುಡುಗರು ಕೆಲವೇ ವಾರಗಳಲ್ಲಿ ಓದಬಲ್ಲರು. ಅವರು ತಡವರಿಸುವುದು ಹಳೆಯ ಕೋಡ್ ಕಂಡಾಗ. ಇನ್ನೊಂದು ಕಿರಿಕಿರಿ, ಹಳಬರು ಹಸಿರು ಪರದೆಯ ಎಸ್‌ಇಯು ಎಡಿಟರ್ ಬಿಡುವುದಿಲ್ಲ. ಅದರ ವ್ಯಾಕರಣ ಪರೀಕ್ಷೆ 6.1ಕ್ಕೇ ನಿಂತಿದೆ. ಹೊಸ ಕೋಡ್ ತೆರೆದರೆ ಪರದೆ ತುಂಬ ತಪ್ಪುಗಳು. ಐಬಿಎಂನ ಆರ್‌ಡಿಐ ಎಡಿಟರ್‌ಗೋ ವಿಎಸ್ ಕೋಡ್‌ಗೋ ಬನ್ನಿ, ವಾದ ಬೇಡ.

ನೇಟಿವ್ ದಾರಿಯ ದೊಡ್ಡ ಲಾಭ ಗ್ರಾಹಕನ ಕಡೆಯದ್ದು. ಒಂದು ಲೈಬ್ರರಿ (ಫೋಲ್ಡರ್‌ನಂಥದ್ದು) ಪ್ರೋಗ್ರಾಮ್‌ಗಳಿಗೆ, ಒಂದು ಡೇಟಾಕ್ಕೆ. ಎಲ್ಲವನ್ನೂ ಕಟ್ಟಿ ಕಳಿಸಲು ಒಂದು ಸೇವ್ ಫೈಲ್, ಅಲ್ಲಿ ಬಿಚ್ಚಲು ಒಂದು ರಿಸ್ಟೋರ್. ರಾತ್ರಿಯ ಬ್ಯಾಕಪ್‌ನಲ್ಲಿ ತಾನಾಗಿಯೇ ಸೇರಿಕೊಳ್ಳುತ್ತದೆ. ಯಂತ್ರ ನೋಡಿಕೊಳ್ಳುವವರು ಎಷ್ಟೋ ಕಡೆ ಒಬ್ಬರೇ ಇರುತ್ತಾರೆ, ಅವರಿಗೆ ಹೊಸದಾಗಿ ಕಲಿಯಬೇಕಾದ್ದು ಏನೂ ಇರುವುದಿಲ್ಲ. ಇದರ ಬೆಲೆ ಡೆಮೊ ದಿನ ಗೊತ್ತಾಗುವುದಿಲ್ಲ, ಐದನೆಯ ವರ್ಷದಲ್ಲಿ ಗೊತ್ತಾಗುತ್ತದೆ.

ಆದರೆ ಈ ದಾರಿಯಲ್ಲಿ ಶಿಸ್ತು ತಪ್ಪಿದರೆ ಯಂತ್ರ ಕ್ಷಮಿಸುವುದಿಲ್ಲ. ಬೇರೆ ಪ್ರೋಗ್ರಾಮ್‌ಗಳು ಕರೆದು ಬಳಸುವ ಪ್ರೊಸೀಜರ್‌ಗಳ ಕಟ್ಟಾದ ಸರ್ವಿಸ್ ಪ್ರೋಗ್ರಾಮ್ ತೆಗೆದುಕೊಳ್ಳಿ. ಹೊರಗೆ ಯಾವ ಪ್ರೊಸೀಜರ್ ಕಾಣಬೇಕೆಂದು ಪಟ್ಟಿ ಮಾಡುವ ಬೈಂಡರ್ ಸೋರ್ಸ್ ಬರೆಯದೆ ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡಿ ಬಿಟ್ಟರೆ, ಮುಂದಿನ ಆವೃತ್ತಿಯಲ್ಲಿ ಒಂದು ಪ್ರೊಸೀಜರ್ ಸೇರಿಸಿದೊಡನೆ ಆ ಪಟ್ಟಿಯ ಗುರುತಾದ ಸಿಗ್ನೇಚರ್ ಬದಲಾಗುತ್ತದೆ. ಗ್ರಾಹಕ ತಾನೇ ಬರೆದು ನಿಮ್ಮದಕ್ಕೆ ಜೋಡಿಸಿಕೊಂಡ ಪ್ರೋಗ್ರಾಮ್‌ಗಳೆಲ್ಲ ಬೆಳಿಗ್ಗೆ ಎದ್ದು ನಿಲ್ಲುವುದಿಲ್ಲ. ಬೈಂಡರ್ ಸೋರ್ಸ್‌ನಲ್ಲಿ ಹಳೆಯ ಪಟ್ಟಿಯನ್ನು ಹಾಗೇ ಇಟ್ಟು, ಹೊಸದನ್ನು ಕೊನೆಯಲ್ಲಷ್ಟೇ ಸೇರಿಸಿ. ಫೈಲ್‌ಗೆ ಒಂದು ಕ್ಷೇತ್ರ ಸೇರಿಸಿದರೆ ಪ್ರೋಗ್ರಾಮ್ ಕಂಪೈಲ್ ಆದಾಗಿನ ಫೈಲ್ ರೂಪಕ್ಕೂ ಈಗಿನದಕ್ಕೂ ಹೊಂದುತ್ತಿಲ್ಲ ಎನ್ನುವ ಸಿಪಿಎಫ್4131 ಎಂಬ ಲೆವೆಲ್ ಚೆಕ್ ದೋಷವೂ ಇದೇ ಜಾತಿಯದ್ದು. ಲೆವೆಲ್ ಚೆಕ್ ಆಫ್ ಮಾಡಿಬಿಡಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಅಂಥವರಿಗೆ ಟೀ ಕುಡಿಸಿ ಕಳಿಸಿ. ಅದನ್ನು ಆಫ್ ಮಾಡಿದರೆ ದೋಷದ ಸಂದೇಶ ನಿಲ್ಲುತ್ತದೆ, ತಪ್ಪು ಕಾಲಂನಲ್ಲಿ ತಪ್ಪು ಅಂಕಿ ಕೂರುವುದು ನಿಲ್ಲುವುದಿಲ್ಲ. ಗ್ರಾಹಕರಿಗೆ ಮೂಲ ಫೈಲ್ ತೋರಿಸದೆ ವ್ಯೂಗಳನ್ನಷ್ಟೇ ಕೊಡುವುದು ಸರಿಯಾದ ದಾರಿ.

ಭದ್ರತೆಯಲ್ಲೂ ಹಾಗೇ. ಕೆಲವು ಹಳೆಯ ಉಪಕರಣಗಳು ದಾಖಲೆಯಲ್ಲಿ ಇಲ್ಲದ ಒಳದಾರಿಗಳನ್ನು ಬಳಸುತ್ತಿದ್ದವು. ಸಿಸ್ಟಮ್ ಭದ್ರತಾ ಮಟ್ಟ 40ಕ್ಕೆ ಏರಿಸಿದೊಡನೆ ಅವು ಬಿದ್ದವು. ಇತ್ತ ಪ್ರೋಗ್ರಾಮ್‌ಗಳಿಗೆ ಕ್ಯೂಸೆಕಾಫರ್ ಎಂಬ ಸರ್ವಾಧಿಕಾರಿ ಬಳಕೆದಾರನ ಒಡೆತನ ಕೊಟ್ಟು ಆ ಅಧಿಕಾರವನ್ನೇ ಎರವಲು ಪಡೆಯುವ ಚಾಳಿ ಇನ್ನೂ ಹೋಗಿಲ್ಲ. ನಿಮ್ಮದೇ ಒಂದು ಬಳಕೆದಾರ ಪ್ರೊಫೈಲ್ ಮಾಡಿ, ಬೇಕಾದಷ್ಟೇ ಅಧಿಕಾರ ಕೊಡಿ.

ಎರಡನೆಯ ದಾರಿ: ಜನರೇಟರ್

ಕೋಡನ್ನು ತಾವೇ ಬರೆದು ಕೊಡುವ ಸೈನಾನ್/2ಇ, ಲಾನ್ಸಾ ಇವು ಎಂಬತ್ತರ ದಶಕದ ಮಕ್ಕಳು. ಮಾದರಿಯನ್ನು ವಿವರಿಸಿದರೆ ಸಾಕು, ಆರ್‌ಪಿಜಿ ಅಥವಾ ಕೋಬಾಲ್ ಕೋಡನ್ನು ಸೈನಾನ್ ಹೆರುತ್ತಿತ್ತು. ಕಂಪನಿಯ ಎಲ್ಲ ವ್ಯವಹಾರ ನಡೆಸುವ, ನೂರಾರು ಪರದೆಗಳ ಇಆರ್‌ಪಿ ಪ್ಯಾಕೇಜ್‌ಗಳು ಹೀಗೆ ಹುಟ್ಟಿದವು. ಎಲ್ಲ ಪರದೆಯ ನಡವಳಿಕೆ ಒಂದೇ ರೀತಿ, ಇದು ಸಣ್ಣ ವಿಷಯವಲ್ಲ.

ತೊಂದರೆಯೆಂದರೆ ಈಗ ನಿಮಗೆ ಒಬ್ಬರ ಜಾಗದಲ್ಲಿ ಇಬ್ಬರು ಒಡೆಯರು. ಸೈನಾನ್ 1998ರಲ್ಲಿ ಸ್ಟರ್ಲಿಂಗ್ ಸಾಫ್ಟ್‌ವೇರ್ ಪಾಲಾಯಿತು, 2000ದಲ್ಲಿ ಸ್ಟರ್ಲಿಂಗ್ ಸಿಎ ಪಾಲಾಯಿತು, 2018ರಲ್ಲಿ ಸಿಎ ಬ್ರಾಡ್‌ಕಾಮ್ ಪಾಲಾಯಿತು. ಉಪಕರಣ ಬದುಕಿದೆ, ಆದರೆ ನಿಮ್ಮ ಪ್ರಾಡಕ್ಟಿನ ನಿಜವಾದ ಸೋರ್ಸ್ ಯಾರದೋ ಪಟ್ಟಿಯ ಕೊನೆಯ ಸಾಲಿನಲ್ಲಿದೆ. ಹೆತ್ತ ಕೋಡನ್ನು ಇಟ್ಟುಕೊಂಡು ಮಾದರಿ ಬಿಡೋಣ ಎಂದರೆ, ಮನುಷ್ಯ ಓದಲು ಬರೆದ ಕೋಡ್ ಅದಲ್ಲ. ಹೊಸದಾಗಿ ಶುರು ಮಾಡುವವರಿಗೆ ಈ ದಾರಿಯನ್ನು ನಾನು ಹೇಳುವುದಿಲ್ಲ. ಈಗಾಗಲೇ ಒಳಗಿರುವವರು ಅವಸರದಲ್ಲಿ ಹೊರಗೆ ಓಡುವುದೂ ಬೇಡ.

ಮೂರನೆಯ ದಾರಿ: ಎಲ್ಲ ಕಡೆ ಓಡುವ ಜಾವಾ

ಆಕರ್ಷಣೆ ಸ್ಪಷ್ಟ. ಒಡೆಯ ಮಾತು ತಪ್ಪಿದರೆ ಗಂಟುಮೂಟೆ ಕಟ್ಟಿ ಬೇರೆ ಮನೆಗೆ ಹೋಗಬಹುದು. 1996ರಲ್ಲಿ ಜೆಡಿ ಎಡ್ವರ್ಡ್ಸ್ ಬೇರೆ ಬೇರೆ ಯಂತ್ರಗಳಲ್ಲಿ ಓಡುವ ಒನ್‌ವರ್ಲ್ಡ್ ತಂದದ್ದೂ ಇದೇ ಲೆಕ್ಕದಲ್ಲಿ, ಅದು ಜಾವಾ ಅಲ್ಲದಿದ್ದರೂ. ಆದರೆ ಆರ್‌ಪಿಜಿಯಲ್ಲಿದ್ದ ಅದರ ಹಳೆಯ ಪ್ಯಾಕೇಜ್ ವರ್ಲ್ಡ್ ಬಳಸುತ್ತಿದ್ದವರು ಎಲ್ಲರೂ ಹಿಂದೆ ಬರಲಿಲ್ಲ. ಕಂಪನಿ 2003ರಲ್ಲಿ ಪೀಪಲ್‌ಸಾಫ್ಟ್‌ಗೆ, 2005ರಲ್ಲಿ ಅದರ ಜೊತೆಗೇ ಒರಾಕಲ್‌ಗೆ ಹೋದ ಮೇಲೂ ವರ್ಲ್ಡ್‌ಗೆ ಹೊಸ ಆವೃತ್ತಿ ಬರಲೇಬೇಕಾಯಿತು. ಹೊಸ ಮನೆ ಕಟ್ಟಿದವರು ಹಳೆಯ ಮನೆಯ ಸೂರನ್ನೂ ಹೊದಿಸುತ್ತಲೇ ಇರಬೇಕು. ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಪೋರ್ಟಬಲ್ ಅಂದರೆ ಒಡೆಯನ ಹಂಗಿಲ್ಲ ಎಂದೂ ಅಲ್ಲ. 1998ರಲ್ಲಿ ಈ ಯಂತ್ರಕ್ಕೆ ಬಂದ ಮೊದಲ ಜೆವಿಎಂ (ಜಾವಾ ಓಡಿಸುವ ಎಂಜಿನ್), ಜಾವಾ ಕ್ಲಾಸ್‌ಗಳನ್ನು ಮುಂಚೆಯೇ ಯಂತ್ರದ ಕೋಡಿಗೆ ಇಳಿಸಿಟ್ಟುಕೊಳ್ಳುವ ಸೌಲಭ್ಯ ಕೊಟ್ಟಿತ್ತು. ಅದಕ್ಕೆಂದೇ ಕಮಾಂಡ್ ಇತ್ತು, ಅದನ್ನು ನಂಬಿ ವೇಗ ಹದಗೊಳಿಸಿದವರಿದ್ದರು. 7.1ರ ಹೊತ್ತಿಗೆ ಆ ಜೆವಿಎಂ ಇಲ್ಲವಾಯಿತು, ಐಬಿಎಂನ ಬೇರೆ ಜೆವಿಎಂ ಉಳಿಯಿತು. ಕೋಡ್ ಓಡಿತು, ಹದಗೊಳಿಸಿದ ಶ್ರಮ ನೀರುಪಾಲು.

ಅರ್ಧದಷ್ಟು ಗ್ರಾಹಕರಾದರೂ ಬೇರೆ ಯಂತ್ರದವರಾಗಿದ್ದರೆ ಜಾವಾ ಆರಿಸಿ. ಎಲ್ಲರೂ ಐಬಿಎಂ ಐ ಮೇಲೇ ಇದ್ದರೆ, ಬಾರದ ಮಳೆಗೆ ಕೊಡೆ ಹಿಡಿದು ನಡೆದಂತೆ.

ನಾಲ್ಕನೆಯದು: ಪೇಸ್ ಒಳಗಿನ ಓಪನ್ ಸೋರ್ಸ್

ಪೇಸ್ ಎಂದರೆ ಐಬಿಎಂ ಐ ಒಳಗೇ ಎಐಎಕ್ಸ್ (ಐಬಿಎಂನ ಯುನಿಕ್ಸ್) ಬೈನರಿಗಳನ್ನು ಓಡಿಸುವ ಪರಿಸರ. ಪಿಎಚ್‌ಪಿ, ನೋಡ್, ಪೈಥಾನ್ ಎಲ್ಲವೂ ಇಲ್ಲೇ. ಹೊಸ ಹುಡುಗರು ಮೊದಲ ದಿನವೇ ಕೆಲಸಕ್ಕೆ ಇಳಿಯುತ್ತಾರೆ, ವೆಬ್ ಪರದೆ ಸಲೀಸು. ಆದರೆ ನೇಟಿವ್ ಲೋಕದ ದೀರ್ಘಾಯುಷ್ಯ ಇಲ್ಲಿಲ್ಲ. 2014ರಲ್ಲಿ ನೋಡ್ ಬಂದದ್ದು ಒಂದು ಲೈಸೆನ್ಸ್ಡ್ ಪ್ರೋಗ್ರಾಮ್ ರೂಪದಲ್ಲಿ, 2018ರ ಹೊತ್ತಿಗೆ ಲಿನಕ್ಸ್ ಲೋಕದ ಇನ್‌ಸ್ಟಾಲ್ ಉಪಕರಣಗಳಾದ ಆರ್‌ಪಿಎಂ ಮತ್ತು ಯಮ್ ಬಂದವು, ಹಳೆಯ ದಾರಿ ಮುಚ್ಚಿತು. 1988ರ ಪ್ರೋಗ್ರಾಮ್ ಓಡುವ ಯಂತ್ರದಲ್ಲೇ ನಾಲ್ಕು ವರ್ಷದ ಹಿಂದಿನ ಇನ್‌ಸ್ಟಾಲ್ ಸೂಚನೆ ಕೆಲಸಕ್ಕೆ ಬಾರದು ಎಂದರೆ ಗ್ರಾಹಕನಿಗೆ ವಿವರಿಸುವುದು ಕಷ್ಟ.

ಇನ್ನೊಂದು ಗೋಳು ಅಕ್ಷರದ್ದು. ಅಕ್ಷರಗಳನ್ನು ಸಂಖ್ಯೆಗಳಾಗಿ ಇಡುವ ಸಂಕೇತ ನೇಟಿವ್ ಕಡೆ ಎಬ್ಸಿಡಿಕ್, ಪೇಸ್ ಕಡೆ ಆಸ್ಕಿ ಅಥವಾ ಯೂನಿಕೋಡ್. ಫೈಲ್‌ಗೆ ಸರಿಯಾದ ಸಿಸಿಎಸ್‌ಐಡಿ (ಯಾವ ಸಂಕೇತ ಎಂದು ಹೇಳುವ ಸಂಖ್ಯೆ) ಇದ್ದರೆ ಪರಿವರ್ತನೆ ತಾನಾಗಿ ಆಗುತ್ತದೆ. ಹಳೆಯ ಫೈಲ್‌ಗಳಲ್ಲಿ ಎಷ್ಟೋ ಸಲ 65535 ಇರುತ್ತದೆ, ಅಂದರೆ ಪರಿವರ್ತಿಸಬೇಡ ಎಂದರ್ಥ. ವೆಬ್ ಪರದೆಯಲ್ಲಿ ಆಗ ಬರುವುದು ಕಸ. ಪ್ರಾಡಕ್ಟ್ ಮಾರುವ ಮೊದಲು ಗ್ರಾಹಕನ ಫೈಲ್‌ಗಳಲ್ಲಿ ಈ ಸಂಖ್ಯೆ ಎಷ್ಟಿದೆ ಎಂದು ನೋಡಿ ಬನ್ನಿ.

ಐದನೆಯದು: ಹೊರಗೆ ಕೂತು, ಡೇಟಾಬೇಸ್‌ಗೆ ಸಂಪರ್ಕ ಕೊಡುವ ಒಡಿಬಿಸಿ, ಜೆಡಿಬಿಸಿ ಮೂಲಕವೋ ಸಂದೇಶಗಳ ಸಾಲಾದ ಡೇಟಾ ಕ್ಯೂ ಮೂಲಕವೋ ಮಾತಾಡಿಸುವುದು. ವರದಿ, ಡ್ಯಾಶ್‌ಬೋರ್ಡ್, ಬೇರೆ ಸಿಸ್ಟಮ್‌ಗೆ ಕೊಂಡಿ ಇಂಥದ್ದಕ್ಕೆ ಸಾಕು. ಬರೆಯುವ ಕೆಲಸವನ್ನು ನೇರವಾಗಿ ಟೇಬಲ್‌ಗೆ ಬಿಡಬೇಡಿ, ಡೇಟಾಬೇಸ್‌ನಲ್ಲಿ ಹೆಸರಿಟ್ಟು ಕರೆಯಬಹುದಾದ ಸ್ಟೋರ್ಡ್ ಪ್ರೊಸೀಜರ್ ಮೂಲಕ ಆರ್‌ಪಿಜಿಯನ್ನೇ ಕರೆಯಿರಿ. ಹಳೆಯ ಫೈಲ್‌ಗಳಲ್ಲಿ ನಿಯಮಗಳು ಡೇಟಾಬೇಸ್‌ನಲ್ಲಿರುವುದಿಲ್ಲ, ಪ್ರೋಗ್ರಾಮ್‌ನಲ್ಲಿ ಹುದುಗಿರುತ್ತವೆ.

ದಾರಿ ಯಾವುದಾದರೂ ತಲುಪಿಸುವ ಲೆಕ್ಕ ಒಂದೇ

ನನ್ನದೇ ಒಂದು ಪೆದ್ದುತನ ಹೇಳಬೇಕು. ನಮ್ಮ ಡೆವಲಪ್‌ಮೆಂಟ್ ಯಂತ್ರವನ್ನು ಹೊಸ ರಿಲೀಸ್‌ಗೆ ಏರಿಸಿದ ಉತ್ಸಾಹದಲ್ಲಿ, ಒಂದು ತಿದ್ದುಪಡಿಯನ್ನು ಕಂಪೈಲ್ ಮಾಡಿ ಸೇವ್ ಫೈಲ್ ಕಳಿಸಿದೆ. ಗ್ರಾಹಕರ ಯಂತ್ರ ಒಂದು ರಿಲೀಸ್ ಹಿಂದಿತ್ತು. ರಿಸ್ಟೋರ್ ಆಗಲಿಲ್ಲ. ಸೇವ್ ಮಾಡುವಾಗ ಟಾರ್ಗೆಟ್ ರಿಲೀಸ್ ಕೊಟ್ಟರಾಯಿತು ಎಂದುಕೊಂಡೆ. ಅದೂ ಆಗಲಿಲ್ಲ, ಏಕೆಂದರೆ ಕಂಪೈಲ್ ಮಾಡುವಾಗಲೇ ಹೊಸ ರಿಲೀಸ್‌ಗೆಂದು ಮಾಡಿದ್ದೆ. ಎಲ್ಲವನ್ನೂ ಮತ್ತೆ ಕಂಪೈಲ್ ಮಾಡಿ ಮುಗಿಸುವಾಗ ಅವರ ತಿಂಗಳ ಕೊನೆಯ ಲೆಕ್ಕ ಕೈಯಲ್ಲೇ ಮುಗಿದಿತ್ತು. ಅಂದಿನಿಂದ ನಮ್ಮ ಬಿಲ್ಡ್ ಸ್ಕ್ರಿಪ್ಟ್‌ನಲ್ಲಿ ಟಾರ್ಗೆಟ್ ರಿಲೀಸ್ ಎರಡೂ ಕಡೆ ಕೊರೆದಿಟ್ಟಿದೆ.

ಸಾಮಾನ್ಯವಾಗಿ ಎರಡು ರಿಲೀಸ್ ಹಿಂದಕ್ಕಷ್ಟೇ ಕಂಪೈಲ್ ಮಾಡಬಹುದು. 7.5ರಿಂದ 7.4 ಮತ್ತು 7.3ಕ್ಕೆ, 7.6ರಿಂದ 7.5 ಮತ್ತು 7.4ಕ್ಕೆ. 7.1ರಲ್ಲಿ ಹಾಯಾಗಿರುವ ಗ್ರಾಹಕನಿದ್ದರೆ ಅವನಿಗಾಗಿ ಹಳೆಯ ಯಂತ್ರವೊಂದನ್ನು ಸಾಕಬೇಕು. ಆ ಖರ್ಚು ಅವನ ವಾರ್ಷಿಕ ಶುಲ್ಕದಲ್ಲಿ ಕಾಣಲಿ.

ಲೈಸೆನ್ಸ್ ಕೀ ಯಂತ್ರದ ಸೀರಿಯಲ್ ನಂಬರ್‌ಗೆ ಕಟ್ಟುವುದು ಹಳೆಯ ಪದ್ಧತಿ, ಪಿ05, ಪಿ10, ಪಿ20 ಎಂದು ಪ್ರೊಸೆಸರ್ ಗುಂಪಿನ ಮೇಲೆ ಬೆಲೆ ಏರಿಸುವುದೂ ಹಾಗೇ. ಒಂದೇ ಕೋಡಿಗೆ ದೊಡ್ಡ ಯಂತ್ರದವನು ಹೆಚ್ಚು ಕೊಡುವುದು ನ್ಯಾಯವೇ ಎಂಬ ಜಗಳ ಎಂದೂ ಮುಗಿಯದು. ಕೀಯ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಗಟ್ಟಿ: ಮುಖ್ಯ ಯಂತ್ರ ಬಿದ್ದು ಬದಲಿ ಯಂತ್ರ ಎದ್ದು ನಿಂತ ಭಾನುವಾರ ರಾತ್ರಿ ನಿಮ್ಮ ಪ್ರೋಗ್ರಾಮ್ ಸೀರಿಯಲ್ ನಂಬರ್ ಸರಿಯಿಲ್ಲ ಎಂದು ಮುಷ್ಕರ ಹೂಡಿದರೆ, ಆ ಗ್ರಾಹಕ ನಿಮ್ಮನ್ನು ಮರೆಯುವುದಿಲ್ಲ. ಕೆಲವು ವಾರಗಳ ಗ್ರೇಸ್ ಅವಧಿ ಇಡಿ.

ಸೋರ್ಸ್ ಕೊಡಬೇಕೇ? ಈ ಲೋಕದಲ್ಲಿ ಬಹಳ ಪ್ಯಾಕೇಜ್‌ಗಳು ಸೋರ್ಸ್ ಸಮೇತ ಮಾರಾಟವಾದವು. ಗ್ರಾಹಕರು ಅದರಲ್ಲಿ ಕೈಯಾಡಿಸಿದರು, ಆಮೇಲೆ ಹೊಸ ಆವೃತ್ತಿಗೆ ಬರಲಾಗದೆ ಕೂತರು. ಸಿಸ್ಟಮ್ ಯಾವ ಲೈಬ್ರರಿಯನ್ನು ಯಾವ ಕ್ರಮದಲ್ಲಿ ಹುಡುಕಬೇಕೆಂದು ಹೇಳುವ ಲೈಬ್ರರಿ ಪಟ್ಟಿ ಇದಕ್ಕೊಂದು ಚಂದದ ಉಪಾಯ ಕೊಡುತ್ತದೆ. ನಿಮ್ಮ ಲೈಬ್ರರಿಯ ಮೇಲೆ ಗ್ರಾಹಕನದೇ ಒಂದು ಲೈಬ್ರರಿ ಇರಲಿ, ಬದಲಿಸಿದ ಪ್ರೋಗ್ರಾಮ್ ಅಲ್ಲಿ ಕೂರಲಿ. ಸಿಸ್ಟಮ್ ಮೊದಲು ಅದನ್ನೇ ಹುಡುಕುತ್ತದೆ, ನಿಮ್ಮದು ಕನ್ಯೆಯಾಗಿ ಉಳಿಯುತ್ತದೆ. ಅಪ್‌ಗ್ರೇಡ್ ದಿನ ನೋಡಬೇಕಾದ್ದು ಆ ಮೇಲಿನ ಲೈಬ್ರರಿಯೊಂದನ್ನೇ. ಇದರ ಮೇಲೆ, ನಿಮ್ಮ ಕೋಡ್ ನಡುವೆ ಗ್ರಾಹಕನ ಕೋಡನ್ನು ಕರೆಯುವ ಎಕ್ಸಿಟ್ ಪ್ರೋಗ್ರಾಮ್‌ಗೆ ಜಾಗ ಬಿಟ್ಟರೆ ಸೋರ್ಸ್ ಕೇಳುವವರೇ ಕಡಿಮೆಯಾಗುತ್ತಾರೆ. ಉಳಿದವರಿಗೆ ಎಸ್ಕ್ರೋ ಒಪ್ಪಂದ (ಸೋರ್ಸನ್ನು ಮೂರನೆಯವರ ಬಳಿ ಇಡುವುದು) ಸಾಕು.

ಅಡ್ಡಗೋಡೆಯ ಮೇಲೆ ದೀಪ ಇಡದೆ ಹೇಳುವುದಾದರೆ, ಇಂದು ಶುರು ಮಾಡುವ ನಾಲ್ಕೈದು ಜನರ ತಂಡಕ್ಕೆ ನನ್ನ ಆಯ್ಕೆ ಹೀಗೆ: ವ್ಯವಹಾರದ ನಿಯಮಗಳು ಫ್ರೀ ಆರ್‌ಪಿಜಿಯ ಸರ್ವಿಸ್ ಪ್ರೋಗ್ರಾಮ್‌ಗಳಲ್ಲಿ, ಟೇಬಲ್‌ಗಳು ಈ ಯಂತ್ರದ ಹಳೆಯ ಫೈಲ್ ವಿವರಣೆ ಭಾಷೆ ಡಿಡಿಎಸ್ ಬದಲು ಎಸ್‌ಕ್ಯೂಎಲ್‌ನಲ್ಲಿ, ಪರದೆ ಹೊರಗೆ ವೆಬ್‌ನಲ್ಲಿ, ನಡುವೆ ಸ್ಟೋರ್ಡ್ ಪ್ರೊಸೀಜರ್‌ಗಳ ತೆಳು ಗೋಡೆ. ಎಂಜಿನಿಯರುಗಳ ಮಾತು ಗಟ್ಟಿಯಿರುವ ಕಡೆ ಭಾರ ಹಾಕಿದಂತಾಯಿತು. ಮಾರಾಟದ ಮಾತು ನಾಳೆ ಬದಲಾದರೆ, ಎಸ್‌ಕ್ಯೂಎಲ್ ಟೇಬಲ್ ಮತ್ತು ಪರದೆ ಎರಡೂ ಬೇರೆಡೆಗೆ ಹೋಗಬಲ್ಲವು, ಮತ್ತೆ ಬರೆಯಬೇಕಾದ್ದು ನಡುವಿನ ಆರ್‌ಪಿಜಿ ಮಾತ್ರ. ಸ್ವಂತ ಯಂತ್ರ ಕೊಳ್ಳುವ ಮೊದಲು ಪಬ್400 ಎಂಬ ಉಚಿತ ಸಾರ್ವಜನಿಕ ಯಂತ್ರದಲ್ಲಿ ಖಾತೆ ತೆರೆದು ಒಂದು ಸರ್ವಿಸ್ ಪ್ರೋಗ್ರಾಮ್ ಕಟ್ಟಿ ನೋಡಿ. ಬೈಂಡರ್ ಸೋರ್ಸ್ ಮರೆಯಬೇಡಿ.